ಹನ್ನೊಂದು ಗಂಟೆಯ ಹಸಿವು

ಕಾಲೇಜಿನಲ್ಲಿ ಪಾಠ ಮಾಡುವ ಯಾರನ್ನಾದರೂ ಕೇಳಿ ನೋಡಿ, ವಿದ್ಯಾರ್ಥಿಗಳಿಗೆ ಹಸಿವಾಗುವುದು ಎಷ್ಟು ಗಂಟೆಗೆ ಎಂದು. ಹನ್ನೊಂದಕ್ಕೆ ಎನ್ನುತ್ತಾರೆ. ಊಟದ ಬಿಡುವು ಒಂದೂವರೆಗೆ ಇರುತ್ತದೆ, ನಿಜ. ಆದರೆ ಆ ಹೊತ್ತಿಗೆ ಹಸಿವು ಸತ್ತು ತಲೆನೋವು ಬಂದಿರುತ್ತದೆ. ಹನ್ನೊಂದರ ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಆಕಳಿಕೆ ಏಳುತ್ತದೆ. ಮುಂದಿನ ಬೆಂಚಿನವರ ಕಣ್ಣು ಪುಸ್ತಕದ ಮೇಲಿದ್ದರೂ ಕೈ ಬರೆಯುವುದನ್ನು ನಿಲ್ಲಿಸಿರುತ್ತದೆ. ನಾನು ರಸಾಯನಶಾಸ್ತ್ರ ಕಲಿಸುವವಳು. ಆ ಹೊತ್ತಿನಲ್ಲಿ ಹಲಗೆಯ ಮೇಲೆ ಬೆಂಜೀನ್ ಉಂಗುರ ಬರೆದರೆ ಅದು ಮಕ್ಕಳಿಗೆ ಉದ್ದಿನ ವಡೆಯಂತೆ ಕಾಣುತ್ತದೆಯೇನೋ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇದೆ.

ಬಳ್ಳಾರಿಯ ಕಾಲೇಜುಗಳಿಗೆ ಬರುವವರಲ್ಲಿ ಅರ್ಧಕ್ಕರ್ಧ ಮಂದಿ ಹೊರಗಿನ ಊರುಗಳವರು. ಕುರುಗೋಡು, ಮೋಕಾ, ರೂಪನಗುಡಿ, ಕಂಪ್ಲಿ, ಸಂಡೂರು, ಅತ್ತ ಸಿರುಗುಪ್ಪ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟಿನ ಚಿಂತೆ ತಪ್ಪಿತು. ಅದರ ಜೊತೆಗೇ ಬಸ್ಸಿನಲ್ಲಿ ನಿಲ್ಲಲು ಜಾಗ ಸಿಗುತ್ತದೆಯೋ ಇಲ್ಲವೋ ಎಂಬ ಚಿಂತೆ ಹುಟ್ಟಿತು. ಅದಕ್ಕೆಂದೇ ಒಂದು ಬಸ್ಸು ಮುಂಚೆ ಹೊರಡುತ್ತಾರೆ. ಆರೂವರೆಗೆ ಮನೆ ಬಿಡಬೇಕಾದವಳಿಗೆ ಒಲೆಯ ಮೇಲೆ ಅನ್ನವಾಗುವವರೆಗೆ ಕಾಯುವಷ್ಟು ಪುರುಸೊತ್ತಿಲ್ಲ. ಅರ್ಧ ಲೋಟ ಚಹಾ ಕುಡಿದು, ಚೀಲ ಹೆಗಲಿಗೇರಿಸಿ ಓಡುತ್ತಾಳೆ. ಸಂಜೆ ಮರಳುವಾಗ ಐದೋ ಆರೋ ಆಗಿರುತ್ತದೆ.

ನನಗೆ ಮತ್ತೆ ಮತ್ತೆ ತಲೆಗೆ ಬರುವ ಒಂದು ವಿಷಯವಿದೆ. 2002ರಲ್ಲಿ ಕರ್ನಾಟಕದಲ್ಲಿ ಬಿಸಿಯೂಟ ಮೊದಲು ಆರಂಭವಾದದ್ದು ನಮ್ಮ ಭಾಗದ ಜಿಲ್ಲೆಗಳಲ್ಲೇ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಆ ಮೊದಲ ಪಟ್ಟಿಯಲ್ಲಿದ್ದವು. ಆಮೇಲೆ ಅದು ಹತ್ತನೆಯ ತರಗತಿಯವರೆಗೂ ವಿಸ್ತರಿಸಿತು. ಶಾಲೆಯಲ್ಲಿ ಮೊಟ್ಟೆ ಕೊಡುವ ಯೋಜನೆ 2021ರ ಡಿಸೆಂಬರ್‌ನಲ್ಲಿ ಶುರುವಾದಾಗಲೂ ನಮ್ಮ ಜಿಲ್ಲೆಗಳೇ ಮುಂದಿದ್ದವು. ಅಂದರೆ ಈಗ ನನ್ನೆದುರು ಕುಳಿತಿರುವ ಮಕ್ಕಳಲ್ಲಿ ಬಹುಪಾಲು ಹತ್ತು ವರ್ಷ ಮಧ್ಯಾಹ್ನದ ಹೊತ್ತಿಗೆ ತಟ್ಟೆ ಹಿಡಿದು ಸಾಲಿನಲ್ಲಿ ಕೂತು ಉಂಡವರು. ಎಸ್ಸೆಸ್ಸೆಲ್ಸಿ ಮುಗಿದ ಮರುದಿನದಿಂದ ಆ ತಟ್ಟೆ ಇಲ್ಲ. ಹದಿನಾರನೆಯ ವಯಸ್ಸಿನಲ್ಲಿ, ಅಂದರೆ ದೇಹಕ್ಕೆ ಅತಿ ಹೆಚ್ಚು ಪೋಷಣೆ ಬೇಕಾದ ಹೊತ್ತಿನಲ್ಲಿ, ಅವರ ಮಧ್ಯಾಹ್ನ ಯಾರ ಹೊಣೆಯೂ ಅಲ್ಲದ ಮಧ್ಯಾಹ್ನವಾಗುತ್ತದೆ. ಆ ಜಾಗವನ್ನು ಚಹಾ ಮತ್ತು ಐದು ರೂಪಾಯಿಯ ಪೊಟ್ಟಣಗಳು ತುಂಬುತ್ತವೆ. ಹಾಗಾಗಿ ಕಾಲೇಜು ಮಕ್ಕಳ ತಿಂಡಿಯೆಂದರೆ ನನಗೆ ನಾಲಿಗೆ ಚಪಲದ ಮಾತಾಗಿ ಕಾಣುವುದಿಲ್ಲ. ಬೆಳಗಿನ ಬಸ್ಸಿಗೂ ರಾತ್ರಿಯ ಊಟಕ್ಕೂ ನಡುವಿನ ಹನ್ನೆರಡು ಗಂಟೆ ಏನು ತಿಂದು ಕಳೆಯುತ್ತಾರೆ ಎಂಬುದಷ್ಟೇ ನನ್ನ ಪ್ರಶ್ನೆ.

ಚಹಾದ ಮೇಲೆ ನನಗೆ ದ್ವೇಷವಿಲ್ಲ, ನಾನೂ ಕುಡಿಯುತ್ತೇನೆ. ಆದರೆ ಒಂದು ಲೋಟಕ್ಕೆ ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ನಾಲ್ಕು ಲೋಟ ಕುಡಿಯುವ ಹುಡುಗ ಊಟದ ಬದಲು ಮೂವತ್ತು ನಲವತ್ತು ಗ್ರಾಂ ಸಕ್ಕರೆ ಉಂಡ ಹಾಗಾಯಿತು. ಊಟದ ಜೊತೆಗೋ, ಊಟ ಮುಗಿದ ಕೂಡಲೇನೋ ಕುಡಿದರೆ ಚಹಾದ ಟ್ಯಾನಿನ್‌ಗಳು ಕಾಳು ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ತರಗತಿಯ ಹಾಜರಿ ಪುಸ್ತಕ ಹಿಡಿದು ಆ ಅಂಕಿಯನ್ನು ಒಮ್ಮೆ ಯೋಚಿಸಿದರೆ ಸಾಕು. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರವಿರಲಿ, ಊಟದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ನಿಂಬೆಯ ಸಿ ಜೀವಸತ್ವ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ.

ಇನ್ನು ಒಗ್ಗರಣೆ ಮಿರ್ಚಿ. ಗಡಿಗಿ ಚನ್ನಪ್ಪ ವೃತ್ತದಿಂದ ಕೌಲ್ ಬಜಾರಿನವರೆಗೆ, ಬೆಳಗ್ಗೆ ಏಳು ಗಂಟೆಗೆ ಯಾವ ಗಲ್ಲಿಗೆ ಹೋದರೂ ಕಡಲೆಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬೀಳುವ ಸದ್ದು ಕೇಳುತ್ತದೆ. ಪಕ್ಕದಲ್ಲಿ ದೊಡ್ಡ ಬಾಣಲೆಯಲ್ಲಿ ಅರಿಶಿನ ಬಣ್ಣದ ಮಂಡಕ್ಕಿ ಒಗ್ಗರಣೆ ಗುಡ್ಡೆ ಬಿದ್ದಿರುತ್ತದೆ. ಬಳ್ಳಾರಿಗೆ ಹೊಸದಾಗಿ ಬಂದವರು ಬೆಳಗಿನ ತಿಂಡಿಗೆ ಬಜ್ಜಿಯೇ ಎಂದು ಹುಬ್ಬೇರಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ ಅವರೇ ಇನ್ನೊಂದು ಮಿರ್ಚಿ ಹಾಕಿ ಎನ್ನುತ್ತಿರುತ್ತಾರೆ.

ಒಗ್ಗರಣೆಯಷ್ಟು ಬೇಗ ಆಗುವ ಬಿಸಿ ತಿಂಡಿ ಇನ್ನೊಂದಿಲ್ಲ. ಮಂಡಕ್ಕಿ ಅದಾಗಲೇ ಬೆಂದ ಪದಾರ್ಥ. ಭಟ್ಟಿಯ ಕಾದ ಮರಳಿನಲ್ಲಿ ಅಕ್ಕಿ ಅರಳಿದಾಗಲೇ ಅಡುಗೆಯ ಮುಕ್ಕಾಲು ಪಾಲು ಮುಗಿದಿರುತ್ತದೆ. ಮನೆಯಲ್ಲಿ ಉಳಿಯುವುದು ನೀರಿನಲ್ಲಿ ಮುಳುಗಿಸಿ ಹಿಂಡುವ ಕೆಲಸ, ಮತ್ತೆ ಒಗ್ಗರಣೆ. ಮುಳುಗಿಸುವುದರಲ್ಲೇ ಜಾಣತನವಿರುವುದು. ಎಣ್ಣೆ, ಸಾಸಿವೆ, ಹಸಿಮೆಣಸಿನಕಾಯಿ, ಈರುಳ್ಳಿ, ಅರಿಶಿನ ಎಲ್ಲವೂ ಬಾಣಲೆಯಲ್ಲಿ ಸಿದ್ಧವಾದ ಮೇಲೆಯೇ ಮಂಡಕ್ಕಿಗೆ ನೀರು ತೋರಿಸಬೇಕು. ಮೊದಲೇ ನೆನೆಸಿಟ್ಟು ಈರುಳ್ಳಿ ಹೆಚ್ಚುತ್ತಾ ಕೂತರೆ ಬಾಣಲೆಗೆ ಬೀಳುವುದು ಮುದ್ದೆ.

ಆದರೆ ಒಂದು ತಕರಾರು ನನ್ನದಿದೆ. ಬರೀ ಮಂಡಕ್ಕಿಯ ಒಗ್ಗರಣೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ತಟ್ಟೆ ತುಂಬ ಕಂಡರೂ ತೂಕ ಹಾಕಿದರೆ ಒಂದು ಹಿಡಿ ಅಕ್ಕಿ; ಬೇಗ ಅರಗಿ ಹತ್ತೂವರೆಗೆ ಮತ್ತೆ ಹಸಿವು. ನಮ್ಮ ಹಿರಿಯರು ಇದಕ್ಕೆ ಮದ್ದನ್ನು ಒಗ್ಗರಣೆಯಲ್ಲೇ ಇಟ್ಟಿದ್ದರು. ಇಳಿಸುವ ಮುಂಚೆ ಎರಡು ಮೂರು ಚಮಚ ಪುಟಾಣಿ (ಹುರಿಗಡಲೆ) ಪುಡಿ, ಮೇಲೆ ಒಂದು ಹಿಡಿ ಹುರಿದ ಶೇಂಗಾ. ಶೇಂಗಾದಲ್ಲಿ 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಪುಟಾಣಿಯಲ್ಲಿ 20ರ ಆಸುಪಾಸು. ಇವೆರಡೂ ಬಿದ್ದ ಒಗ್ಗರಣೆ ಹನ್ನೆರಡರವರೆಗೆ ಹಿಡಿಯುತ್ತದೆ. ಈಗ ಗಾಡಿಗಳಲ್ಲಿ ಪುಟಾಣಿ ಪುಡಿ ಕಡಿಮೆಯಾಗುತ್ತಾ ಬಂದಿದೆ, ಶೇಂಗಾವನ್ನು ಹುಡುಕಬೇಕು. ಮನೆಯಲ್ಲೋ ರೂಮಿನಲ್ಲೋ ಮಾಡಿಕೊಳ್ಳುವವರು ಅವೆರಡರಲ್ಲಿ ಜಿಪುಣತನ ಮಾಡಬಾರದು. ಮಿರ್ಚಿಯನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದು ಸಂತೋಷದ ಖಾತೆಗೆ ಹೋಗಲಿ. ಖಾರ ನೆತ್ತಿಗೇರಿದರೆ ನೀರು ಕುಡಿದು ಪ್ರಯೋಜನವಿಲ್ಲವೆಂಬುದನ್ನು ಮಾತ್ರ ತಿಳಿದಿರಿ. ಮೆಣಸಿನ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಒಂದು ಗುಟುಕು ಮೊಸರು ಅದನ್ನು ಹಿಡಿದು ಇಳಿಸುತ್ತದೆ.

ಡಬ್ಬಿ ತರುವವರ ಕಥೆ ಬೇರೆ. ಸಿರುಗುಪ್ಪ, ಕಂಪ್ಲಿ ಕಡೆಯವರ ಡಬ್ಬಿಯಲ್ಲಿ ಅನ್ನ. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಆ ಕಡೆ ಹೊಲಗಳು ಗದ್ದೆಗಳಾದವು, ಬೆಳಗಿನ ರೊಟ್ಟಿಯ ಜಾಗಕ್ಕೆ ಚಿತ್ರಾನ್ನ ಬಂತು. ಅದರಲ್ಲಿ ತಪ್ಪೇನಿಲ್ಲ, ಆದರೆ ಬಳ್ಳಾರಿಯ ಬೇಸಿಗೆ ಅನ್ನಕ್ಕೆ ಆಗಿಬರುವುದಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುವುದು ಹೊಸತಲ್ಲ. ಆರು ಗಂಟೆಗೆ ಬಿಸಿಬಿಸಿಯಾಗಿ ಮುಚ್ಚಳ ಹಾಕಿದ ಅನ್ನ ಒಂದೂವರೆಗೆ ಬೆವೆತು ಹಳಸಿದ ವಾಸನೆ ಬರುತ್ತದೆ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಅವುಗಳಿಗೆ ಬೇಕಾದದ್ದು ಬೆಚ್ಚಗಿನ ಒದ್ದೆ ಜಾಗ ಮತ್ತು ನಾಲ್ಕಾರು ಗಂಟೆ. ಮುಚ್ಚಿದ ಡಬ್ಬಿ ಅವೆರಡನ್ನೂ ಕೊಡುತ್ತದೆ. ಅನ್ನವನ್ನು ತಟ್ಟೆಯಲ್ಲಿ ಹರಡಿ ಬಿಸಿ ಆರಿಸಿ, ನಿಂಬೆ ಅಥವಾ ಹುಣಸೆಹುಳಿ ಚೆನ್ನಾಗಿ ಹಾಕಿ ತುಂಬಿಸಿಕೊಂಡರೆ ಅಪಾಯ ಕಡಿಮೆಯಾಗುತ್ತದೆ. ಆದರೂ ಬೇಸಿಗೆಯಲ್ಲಿ ಅದನ್ನು ಹನ್ನೊಂದಕ್ಕೇ ತಿಂದು ಮುಗಿಸುವುದು ವಾಸಿ.

ನಮ್ಮ ಒಣಬೇಸಾಯದ ಊರುಗಳ ಅಡುಗೆಯಲ್ಲಿ ಒಂದು ಲೆಕ್ಕಾಚಾರವಿತ್ತು. ನಸುಕಿಗೆ ಹೊಲಕ್ಕೆ ಹೋದವರು ಹೊತ್ತು ಮುಳುಗಿದ ಮೇಲೆ ಮನೆ ಸೇರುತ್ತಿದ್ದರು. ಬುತ್ತಿ ಬಿಸಿಲಿಗೆ ಕೆಡಬಾರದು, ದಾರಿಯಲ್ಲಿ ಚೆಲ್ಲಬಾರದು, ಗಿಡದ ನೆರಳಿನಲ್ಲಿ ಕೂತು ಬರಿಗೈಯಲ್ಲಿ ತಿನ್ನುವಂತಿರಬೇಕು. ಈಗಿನ ಬಸ್ಸಿನ ವಿದ್ಯಾರ್ಥಿಯ ದಿನವೂ ಗಂಟೆಗೆ ಗಂಟೆ ಅದೇ ಅಳತೆಯದು. ಹಾಗಾಗಿ ಅವಳಿಗೆ ಬೇಕಾದ ತಿಂಡಿಯನ್ನು ಹೊಸದಾಗಿ ಕಂಡುಹಿಡಿಯುವ ಕೆಲಸವೇ ಇಲ್ಲ. ಜೋಳದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು, ಏಕೆಂದರೆ ಅದರಲ್ಲಿ ನೀರಿನ ಪಸೆಯೇ ಉಳಿದಿರುವುದಿಲ್ಲ. ಅದರ ಜೊತೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಅಗಸೆ ಚಟ್ನಿಪುಡಿ, ಯಾವುದಿದ್ದರೂ ಆದೀತು. ಒಂದು ಈರುಳ್ಳಿ, ಒಂದು ಸೌತೆಕಾಯಿ ಇದ್ದರೆ ಊಟವೇ ಆಯಿತು.

ಹೀಗೆ ಹೇಳಿದಾಗ ಕುರುಗೋಡು ಕಡೆಯ ವಿದ್ಯಾರ್ಥಿನಿಯೊಬ್ಬಳು, "ಮೇಡಂ, ತರಗತಿಯಲ್ಲಿ ರೊಟ್ಟಿ ಮುರಿದರೆ ಆ ಸದ್ದಿಗೆ ಎಲ್ಲರೂ ತಿರುಗಿ ನೋಡುತ್ತಾರೆ" ಎಂದಳು. ಸದ್ದು ನೆಪ. ನಿಜವಾದ ಸಂಗತಿ ನಾಚಿಕೆ. ಪಕ್ಕದವಳು ಬೇಕರಿಯ ಪಫ್ ತಿನ್ನುತ್ತಿರುವಾಗ ರೊಟ್ಟಿ ತೆಗೆಯಲು ಹಿಂಜರಿಕೆ. ಅದೇ ರೊಟ್ಟಿಯನ್ನು ಹೋಟೆಲಿನವರು ಬುಟ್ಟಿಯಲ್ಲಿಟ್ಟು ಉತ್ತರ ಕರ್ನಾಟಕ ಊಟವೆಂದು ಬೋರ್ಡು ಹಾಕಿದರೆ ಸರದಿಯಲ್ಲಿ ನಿಂತು ತಿನ್ನುತ್ತೇವೆ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಊರುಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತದೆ, ದಾಸೋಹದಲ್ಲಿ ರೊಟ್ಟಿ ಮಿರ್ಚಿಗಾಗಿ ಜನ ಮುಗಿಬೀಳುತ್ತಾರೆ. ಕಾಲೇಜಿನ ಆವರಣ ದಾಟಿದ ಕೂಡಲೇ ಅದಕ್ಕೆ ಬಡತನದ ಗುರುತು ಹೇಗೆ ಅಂಟಿಕೊಳ್ಳುತ್ತದೋ ನನಗೆ ಅರ್ಥವಾಗದು. ಸದ್ಯಕ್ಕೆ ನಾನು ಅವಳಿಗೆ ಹೇಳಿದ ಉಪಾಯ ಬಹಳ ಸರಳ. ರೊಟ್ಟಿಯನ್ನು ಮನೆಯಲ್ಲೇ ಮುರಿದು, ಪುಡಿಯಾಗಿಸಿ, ಚಟ್ನಿಪುಡಿ ಹಾಗೂ ಒಂದು ಚಮಚ ಎಣ್ಣೆ ಕಲಸಿ ಡಬ್ಬಿಗೆ ತುಂಬು. ತಿನ್ನುವಾಗ ಹಸಿ ಈರುಳ್ಳಿ ಬೆರೆಸಿಕೊಂಡರೆ ಚಮಚದಲ್ಲಿ ತಿನ್ನಬಹುದು, ಕೇಳಿದವರಿಗೂ ಒಂದು ಚಮಚ ಕೊಡಬಹುದು. ಈಗ ಅವಳ ಡಬ್ಬಿಗೆ ಪಾಲುದಾರರು ಹೆಚ್ಚಾಗಿದ್ದಾರೆಂದು ಸುದ್ದಿ.

ಕುಡಿಯುವುದರಲ್ಲಿ ಮಜ್ಜಿಗೆಗೆ ನನ್ನ ಮೊದಲ ಮತ. ಬೆಳಗ್ಗೆ ಬಾಟಲಿಯಲ್ಲಿ ತಂದ ಮಜ್ಜಿಗೆ ಮಧ್ಯಾಹ್ನಕ್ಕೆ ಹಲ್ಲು ಜುಮ್ಮೆನ್ನುವಷ್ಟು ಹುಳಿಯಾಗುತ್ತದೆ ಎಂಬ ದೂರು ಸರಿಯೇ. ಅದಕ್ಕೆ ಪ್ರಯಾಣದ ಅಭ್ಯಾಸವಿದ್ದ ಹಳಬರು ಮಾಡುತ್ತಿದ್ದ ಕೆಲಸವೊಂದಿದೆ. ಮೊಸರನ್ನು ಒಯ್ಯುವ ಬದಲು, ಕಾಯಿಸಿ ಉಗುರುಬೆಚ್ಚಗೆ ಆರಿಸಿದ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ ಸ್ಟೀಲ್ ಡಬ್ಬಿಯಲ್ಲಿ ಒಯ್ಯುವುದು. ಹಾಲನ್ನು ಮೊಸರಾಗಿಸುವ ಬ್ಯಾಕ್ಟೀರಿಯಾಗಳಿಗೆ 40 ಡಿಗ್ರಿ ಸುತ್ತಮುತ್ತಲಿನ ಶಾಖ ಪ್ರಿಯ, ಮತ್ತು ಅದನ್ನು ಬಳ್ಳಾರಿಯ ಬೇಸಿಗೆ ಪುಕ್ಕಟೆಯಾಗಿ ಒದಗಿಸುತ್ತದೆ. ಐದಾರು ಗಂಟೆಯಲ್ಲಿ, ಸರಿಯಾಗಿ ಊಟದ ಹೊತ್ತಿಗೆ, ಹುಳಿಯೇರದ ಸಿಹಿ ಮೊಸರು ಸಿದ್ಧವಿರುತ್ತದೆ. ಬಸ್ಸಿನ ಕುಲುಕಾಟಕ್ಕೆ ಅದು ಮದುವೆಮನೆಯ ಮೊಸರಿನಂತೆ ಗಟ್ಟಿಯಾಗಿ ಹೆಪ್ಪುಗಟ್ಟುವುದಿಲ್ಲ, ಸ್ವಲ್ಪ ನೀರು ಒಡೆಯುತ್ತದೆ. ಒಡೆದರೆ ಉಪ್ಪು, ನೀರು ಹಾಕಿ ಕಲಕಿ ಕುಡಿದರಾಯಿತು. ಡಬ್ಬಿಯ ಮುಚ್ಚಳ ಬಿಗಿಯಾಗಿರಬೇಕು. ನೋಟ್ ಪುಸ್ತಕಗಳ ಹಿತಕ್ಕಾಗಿ ಹೇಳುತ್ತಿದ್ದೇನೆ.

ಅಂಬಲಿಯೂ ಹಾಗೆಯೇ. ರಾತ್ರಿ ರಾಗಿ ಅಥವಾ ಜೋಳದ ಹಿಟ್ಟನ್ನು ಗಂಟಿಲ್ಲದಂತೆ ಕದಡಿ ಕುದಿಸಿಟ್ಟು, ಬೆಳಗ್ಗೆ ಮಜ್ಜಿಗೆ ಉಪ್ಪು ಬೆರೆಸಿದರೆ ಒಂದು ಲೋಟದಲ್ಲಿ ತಿಂಡಿ ಮತ್ತು ಪಾನೀಯ ಎರಡೂ ಆಗುತ್ತದೆ. ಕುಳಿತು ತಿನ್ನಲು ಹೊತ್ತಿಲ್ಲದವರು ನಿಂತೇ ಕುಡಿದು ಹೊರಡಬಹುದು. ಬೇಸಿಗೆಯಲ್ಲಿ ರಸ್ತೆ ಬದಿ ಮಡಕೆಯಿಟ್ಟು ಅಂಬಲಿ ಮಾರುವವರ ಹತ್ತಿರ ಈಗ ಬೈಕು ನಿಲ್ಲಿಸುವವರ ಸಾಲೇ ಇರುತ್ತದೆ.

ಇಷ್ಟೆಲ್ಲ ಪಾನೀಯಗಳ ಬಗ್ಗೆ ಹೇಳಿದಾಗ ಹುಡುಗಿಯರು ತಲೆಯಾಡಿಸುತ್ತಾರೆ, ಆದರೆ ಕುಡಿಯುವುದಿಲ್ಲ. ಅವರ ನೀರಿನ ಬಾಟಲಿ ಸಂಜೆಯೂ ಮುಕ್ಕಾಲು ತುಂಬಿರುತ್ತದೆ. ಕಾರಣ ಬಾಯಾರಿಕೆ ಇಲ್ಲದ್ದಲ್ಲ, ಶೌಚಾಲಯ. ನಾನು ಹಿಂದೆ ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಹುಡುಗಿಯರ ಶೌಚಾಲಯಕ್ಕೆ ಬೀಗವಿತ್ತು. ಬೀಗದ ಕೈ ಕಚೇರಿಯಲ್ಲಿ, ಗುಮಾಸ್ತರ ಮೇಜಿನ ಹಿಂದಿನ ಮೊಳೆಯಲ್ಲಿ. ಹದಿನೇಳು ವರ್ಷದ ಹುಡುಗಿ ನಾಲ್ಕು ಜನ ಗಂಡಸರು ಕೂತ ಕೋಣೆಗೆ ಹೋಗಿ ಕೀಲಿ ಕೇಳಬೇಕು. ಕೇಳಿ ಹೋದರೆ ಒಳಗೆ ನಲ್ಲಿಯಲ್ಲಿ ನೀರಿಲ್ಲ. ಆಮೇಲೆ ಯಾರು ನೀರು ಕುಡಿಯುತ್ತಾರೆ? ಬೆಳಗಿನ ಆರೂವರೆಯಿಂದ ಸಂಜೆ ಐದರವರೆಗೆ, 40 ಡಿಗ್ರಿ ಬಿಸಿಲಿನಲ್ಲಿ, ಅವರು ಲೆಕ್ಕ ಹಾಕಿ ಗುಟುಕರಿಸುತ್ತಾರೆ. ತಲೆನೋವು, ಉರಿಮೂತ್ರ, ಪರೀಕ್ಷಾ ಕೊಠಡಿಯಲ್ಲಿ ತಲೆಸುತ್ತು, ಇವೆಲ್ಲಕ್ಕೂ ಅವರು ಮಾತ್ರೆ ನುಂಗುತ್ತಾರೆಯೇ ಹೊರತು ಕಾರಣ ಬಾಯಿಬಿಟ್ಟು ಹೇಳುವುದಿಲ್ಲ.

ಆ ಕೀಲಿಯನ್ನು ನಾವು ಮೂವರು ಉಪನ್ಯಾಸಕಿಯರು ಜಗಳವಾಡಿ ಪ್ರಯೋಗಾಲಯಕ್ಕೆ ತಂದಿಟ್ಟುಕೊಂಡೆವು. ನೀರಿನ ಡ್ರಮ್ಮೊಂದನ್ನು ತರಿಸಿ ಇಟ್ಟೆವು. ಅದೇನು ದೊಡ್ಡ ಸಾಧನೆಯಲ್ಲ, ಆದರೆ ಅದಾದ ಮೇಲೆ ಬಾಟಲಿಗಳು ಖಾಲಿಯಾಗಿ ಮರಳತೊಡಗಿದವು. ಆದ್ದರಿಂದ ಮಕ್ಕಳಿಗೆ ದಿನಕ್ಕೆ ಇಷ್ಟು ಲೀಟರ್ ಕುಡಿಯಿರಿ ಎಂದು ಉಪದೇಶಿಸುವ ಆರೋಗ್ಯ ಶಿಬಿರಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಭಾಷಣಕ್ಕೆ ಬಂದವರು ಒಮ್ಮೆ ಆ ಕಡೆಯ ಬಾಗಿಲು ತೆರೆದು ನೋಡಿ ಆಮೇಲೆ ಮೈಕು ಹಿಡಿಯಲಿ.

ಹಾಸ್ಟೆಲಿನವರಿಗೆ ಬೇರೆ ಕಷ್ಟ. ಒಲೆ ಇಲ್ಲ, ನೀರು ಕಾಯಿಸುವ ವಿದ್ಯುತ್ ಕಾಯಿಲ್ ನಿಷಿದ್ಧ, ಕೆಟಲ್ ಸಿಕ್ಕರೆ ವಾರ್ಡನ್ ಕೊಂಡೊಯ್ಯುತ್ತಾರೆ. ಬೆಂಕಿ ಬೇಡದ ತಿಂಡಿಗಳಲ್ಲೇ ಅವರು ದಾರಿ ಹುಡುಕಬೇಕು. ನೆನೆಸಿದ ಹೆಸರುಕಾಳಿಗೆ ಈರುಳ್ಳಿ, ನಿಂಬೆ. ನಮ್ಮ ಸೆಕೆಗೆ ಕಾಳು ಬೇಗ ಲೋಳೆಯಾಗುವುದರಿಂದ ಎರಡು ಬಾರಿ ನೀರು ಬದಲಿಸಬೇಕು, ಮೊಳಕೆ ಉದ್ದ ಬರುವವರೆಗೆ ಕಾಯುವ ಆಸೆ ಬೇಡ. ಒಂದು ಹಿಡಿ ಹುರಿದ ಶೇಂಗಾ ಮತ್ತು ಬೆಲ್ಲದ ತುಂಡು ಯಾವ ಪ್ರೋಟೀನ್ ಬಾರ್‌ಗೂ ಕಡಿಮೆಯಿಲ್ಲ. ಬೆಲೆಯಲ್ಲಿ ಮಾತ್ರ ಬಹಳ ಕಡಿಮೆ. ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಗಾಡಿಯಲ್ಲಿ ಸಿಗುತ್ತವೆ.

ಕೋಲಾಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿ: ಬಹುತೇಕ ಕೋಲಾಗಳಲ್ಲಿ 100 ಮಿಲಿಲೀಟರಿಗೆ 10 ಗ್ರಾಂ ಆಸುಪಾಸು ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ. ಸಣ್ಣ ಬಾಟಲಿ ಒಂದಕ್ಕೇ ಅದು ಮುಗಿದುಹೋಯಿತು. ಬಿಸಿಲಿಗೆ ಬಣ್ಣದ್ದೇ ಬೇಕೆನಿಸಿದರೆ ಅನಂತಪುರ, ಕರ್ನೂಲು ಕಡೆಯ ನನ್ನಾರಿ ಬೇರಿನ ಶರಬತ್ತು ಕುಡಿಯಿರಿ. ಅದರಲ್ಲೂ ಸಕ್ಕರೆಯಿದೆ, ಆದರೆ ಎಷ್ಟು ಹಾಕಬೇಕೆಂದು ಅಂಗಡಿಯವರಿಗೆ ಹೇಳುವ ಅಧಿಕಾರ ನಿಮಗಿದೆ.

ನಿಂಬೆ ಶರಬತ್ತಿಗೆ ಬಂದರೆ ನಾನು ಪಾಠ ಮಾಡಲು ತೊಡಗುತ್ತೇನೆ, ಕ್ಷಮಿಸಿ. ಸಕ್ಕರೆಯ ಜೊತೆ ಚಿಟಿಕೆ ಉಪ್ಪು ಹಾಕುವುದು ಬರೀ ರುಚಿಗಲ್ಲ. ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ದಿಲೀಪ್ ಮಹಲನಬಿಸ್ ಇದೇ ತತ್ವದ ಮೇಲೆ ಉಪ್ಪು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ವಾಂತಿಭೇದಿಯಾದಾಗ ಇದೇ ಬಗೆಯ ಮಿಶ್ರಣದ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು. ಸಮಚಮಚವೆಂದರೆ ಚಹಾ ಕಲಕುವ ಸಣ್ಣ ಚಮಚ, ಗುಡ್ಡೆಯಾಗದಂತೆ ಅಂಚಿನ ಮಟ್ಟಕ್ಕೆ ತುಂಬಿದ್ದು. ಉಪ್ಪು ಹೆಚ್ಚಾಗಬಾರದು. ದಿನನಿತ್ಯದ ಶರಬತ್ತಿಗೆ ಇಷ್ಟು ಅಳತೆಗೋಲು ಬೇಕಿಲ್ಲ.

ಪರೀಕ್ಷೆಯ ದಿನಗಳಲ್ಲಿ ಈ ಎಲ್ಲ ಲೆಕ್ಕ ತಲೆಕೆಳಗಾಗುತ್ತದೆ. ರಾತ್ರಿ ಎಚ್ಚರವಿರಲು ಚಹಾ, ಈಗೀಗ ಡಬ್ಬಿಯಲ್ಲಿ ಬರುವ ಎನರ್ಜಿ ಡ್ರಿಂಕ್. ಹೊಟ್ಟೆ ಸೇರಿದ ಕೆಫೀನಿನ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು. ಹನ್ನೊಂದಕ್ಕೆ ಕುಡಿದದ್ದು ನಾಲ್ಕಕ್ಕೂ ಅರ್ಧ ಉಳಿದಿರುತ್ತದೆ, ಓದು ಮುಗಿದಿರುತ್ತದೆ, ನಿದ್ದೆ ಬರುವುದಿಲ್ಲ. ಮಧ್ಯಾಹ್ನ ಎರಡರ ಪತ್ರಿಕೆ ಇದ್ದವರು ಭಯಕ್ಕೆ ಊಟ ಬಿಡುತ್ತಾರೆ, ಇಲ್ಲವೇ ಒಂದೂವರೆಗೆ ಗಬಗಬನೆ ಉಂಡು ಬಂದು ತೂಕಡಿಸುತ್ತಾರೆ. ಹನ್ನೆರಡರ ಹೊತ್ತಿಗೆ ಮೊಸರನ್ನವನ್ನೋ ರೊಟ್ಟಿಯನ್ನೋ ಅರೆಹೊಟ್ಟೆ ಉಣ್ಣಿ, ಹೊರಡುವಾಗ ಒಂದು ಬಾಳೆಹಣ್ಣು. ಉಪ್ಪು ನಿಂಬೆ ಹಾಕಿದ ನೀರನ್ನು ಪಾರದರ್ಶಕ ಬಾಟಲಿಯಲ್ಲಿ ತನ್ನಿ, ಮೇಲಿನ ಲೇಬಲ್ ಕಿತ್ತು ಬನ್ನಿ. ಲೇಬಲ್ ಇದ್ದರೆ ಬಾಗಿಲಲ್ಲಿ ನಿಲ್ಲಿಸಿ ಕೀಳಿಸುವ ಕೆಲಸ ನನ್ನ ಪಾಲಿಗೇ ಬೀಳುತ್ತದೆ.